ಒಂದು ತೊಟ್ಟು ಅಂಟು

ಸೆಪ್ಟೆಂಬರ್ 8, 2003, ಸೋಮವಾರ

ಕಿಲ್ನ್ ಕೆರೆ, ದಕ್ಷಿಣದ ದಂಡೆ. ಬೆಳಿಗ್ಗೆ ಆರೂವರೆಗೆ ಬಂದೆ. ನೈಋತ್ಯದ ಗಾಳಿ, ಮೋಡ, ನೀರು ಇನ್ನೂ ಬೆಚ್ಚಗಿದೆ. ಏಳು ದಿನ ಇಲ್ಲೇ ಗುಡಾರ. ಐರಿಸ್ ಅಕ್ಕನ ಮನೆಗೆ ಹೋಗಿದ್ದಾಳೆ. ಹೆಂಡತಿ ಊರಲ್ಲಿಲ್ಲದಾಗ ಏಳು ದಿನ ಕೆರೆಯಲ್ಲಿ ಕೂತರೆ ಯಾರೂ ಏನೂ ಕೇಳುವುದಿಲ್ಲ.

ಈ ಸಲ ಅಡಿಗೆಮನೆಯ ಮೇಜಿನ ಮೇಲೆ ಇಪ್ಪತ್ತನಾಲ್ಕು ರಿಗ್, ಅಂದರೆ ಗಾಳದ ತುದಿಯ ಕೊಕ್ಕೆ-ದಾರದ ಜೋಡಣೆ, ಕಟ್ಟಿಕೊಂಡೇ ಬಂದಿದ್ದೇನೆ. ಇಷ್ಟು ದಿನ ಕೂರುವವನು ಮಳೆಯಲ್ಲಿ ನೆನೆಯುತ್ತಾ ಗಂಟು ಹಾಕುತ್ತಾ ಕೂರಬಾರದು. ಆರನೇ ನಂಬರಿನ ಕೊಕ್ಕೆ, ಒಂಬತ್ತು ಇಂಚಿನ ದಾರ, ಕೊಕ್ಕೆಯ ಕತ್ತಿಗೆ ಎಂಟು ಸುತ್ತು. ನಮ್ಮವರು ಇದಕ್ಕೆ ಗಂಟಿಲ್ಲದ ಗಂಟು ಅನ್ನುತ್ತಾರೆ. ಮಿಕ್ಕ ದಾರದ ತುದಿಗೆ ಮೇವಿನ ಉಂಡೆ. ಗೆಂಡೆ ಮೀನು ಉಂಡೆಯನ್ನು ಹೀರಿಕೊಂಡು, ಅನುಮಾನ ಬಂದು ಉಗುಳುವಾಗ ಕೊಕ್ಕೆ ತಾನಾಗಿ ತಿರುಗಿ ಕೆಳದುಟಿಗೆ ಕೂರಬೇಕು. ಪ್ರತಿಯೊಂದನ್ನೂ ಅಂಗೈ ಮೇಲೆ ಎಳೆದು ನೋಡಿದ್ದೇನೆ. ಇಪ್ಪತ್ತನಾಲ್ಕೂ ತಿರುಗಿದವು.

ಪಕ್ಕದ ಜಾಗದಲ್ಲಿ ವಿಲ್ಫ್ ಗಾರ್‌ಸೈಡ್. ಎಪ್ಪತ್ತೊಂದು ವಯಸ್ಸು. ಈ ಕೆರೆ ಇಟ್ಟಿಗೆಗೆ ಮಣ್ಣು ತೆಗೆಯುವ ಗುಂಡಿಯಾಗಿದ್ದಾಗ ಇಲ್ಲೇ ಭಟ್ಟಿಯಲ್ಲಿ ಕೆಲಸ ಮಾಡಿದವನು. ಬೆರಳ ಗಿಣ್ಣುಗಳು ಊದಿಕೊಂಡು ಶುಂಠಿಯ ಹಾಗೆ ಆಗಿವೆ. ಮಧ್ಯಾಹ್ನ ಹಂದಿಮಾಂಸದ ಪೈ ಹಿಡಿದುಕೊಂಡು ನನ್ನ ಗುಡಾರಕ್ಕೆ ಬಂದ.

"ಡೆರಿಕ್, ನಂಗೂ ಒಂದಾರು ಕಟ್ಟಿಕೊಡೋ. ಈ ಕೈಗೆ ಈಗ ಶರ್ಟಿನ ಗುಂಡಿ ಹಾಕೋದೇ ದೊಡ್ಡ ವಿದ್ಯೆ."

"ನಾಳೆ ಪ್ಯಾಂಟಿನ ಜಿಪ್ಪಿಗೂ ನನ್ನೇ ಕರೀತೀಯೇನು?"

"ಆ ಕಾಲ ಬಂದ್ರೆ ನಾನೇ ನೀರಿಗೆ ಬೀಳ್ತೀನಿ ಬಿಡು. ಇನ್ನೊಂದು ವಿಷ್ಯ. ದ್ವೀಪದ ಹತ್ರಕ್ಕೆ ಎಸೆದ್ರೆ ಅರ್ಧ ದಾರೀಲೇ ಸೀಸ ಕಳಚಿ ಎಲ್ಲೋ ಹಾರಿಹೋಗುತ್ತೆ. ಅದಕ್ಕೇನಾದ್ರೂ ಮಾಡು."

ಸಂಜೆ ಆರು ಕಟ್ಟಿಕೊಟ್ಟೆ. ದಾರವನ್ನು ಮುಳುಗಿಸುವ ಸೀಸದ ಗುಂಡು ನೇತಾಡುವುದು ಒಂದು ಚಿಕ್ಕ ಪ್ಲಾಸ್ಟಿಕ್ ಕ್ಲಿಪ್ಪಿನ ಮೇಲೆ, ಕ್ಲಿಪ್ಪಿನ ಮೇಲೊಂದು ರಬ್ಬರಿನ ತೋಳು. ಮೀನು ಎಲ್ಲಾದರೂ ಸಿಕ್ಕಿಕೊಂಡರೆ ರಬ್ಬರ್ ಜಾರಿ ಸೀಸ ಬಿದ್ದುಹೋಗಲಿ ಅಂತ ಆ ಏರ್ಪಾಡು. ವಿಲ್ಫ್‌ನ ಸೀಸ ಹಾರದಿರಲಿ ಅಂತ ರಬ್ಬರಿನ ಒಳಗೆ ಒಂದೊಂದು ತೊಟ್ಟು ಅಂಟು ಬಿಟ್ಟು ಒತ್ತಿದೆ. ಇನ್ನು ಅಲ್ಲಾಡುವುದಿಲ್ಲ. ಅವನಿಗೆ ಹೇಳಲಿಲ್ಲ. ಹೇಳಿದರೆ ಅರ್ಧ ಗಂಟೆ ಉಪದೇಶ ಕೇಳಬೇಕಾಗುತ್ತಿತ್ತು.

ಸೆಪ್ಟೆಂಬರ್ 10, ಬುಧವಾರ

ಮಳೆ. ಎರಡು ಮೀನು: ಹದಿನಾಲ್ಕು ಪೌಂಡು, ಇಪ್ಪತ್ತೊಂದು ಪೌಂಡು. ಎರಡಕ್ಕೂ ಕೊಕ್ಕೆ ಕೆಳದುಟಿಯ ನಟ್ಟನಡುವೆ. ತೂಗಿ, ಇಲ್ಲಿನ ನಿಯಮದಂತೆ ನೀರಿಗೆ ವಾಪಸ್ ಬಿಟ್ಟೆ. ನನ್ನ ರಿಗ್ಗಿನ ಬಗ್ಗೆ ನನಗೇ ಹೆಮ್ಮೆಯಾಯಿತು.

ಬೆಳಿಗ್ಗೆ ಎಂಟರ ಹೊತ್ತಿಗೆ ಮೀನು ಎಳೆದರೆ ಕೂಗುವ ವಿಲ್ಫ್‌ನ ಅಲಾರಂ ಒಂದೇ ಸಮ ಕೂಗಿತು. ಓಡಿ ಹೋದೆ. ಗಾಳದ ಕೋಲು ಬಿಲ್ಲಿನಂತೆ ಬಾಗಿತ್ತು. ದ್ವೀಪದ ಕಡೆ, ನೀರೊಳಗೆ ಮುಳುಗಿದ ಹಳೇ ಬೇಲಿಯಿದೆಯಲ್ಲ, ಅಲ್ಲಿಗೆ ನುಗ್ಗಿತು ಮೀನು. ಐದು ನಿಮಿಷ ಎಳೆದಾಡಿದ. ಆಮೇಲೆ ದಾರ ಕಡಿದು ಕೋಲು ಸೆಟೆದು ನಿಂತಿತು.

ವಿಲ್ಫ್ ಕುರ್ಚಿಯಲ್ಲಿ ಕೂತ.

"ದೊಡ್ಡದು ಕಣೋ. ತುಂಬಾ ದೊಡ್ಡದು," ಅಂದ. "ಹೋಗ್ಲಿ. ಸೀಸ ಬಿದ್ದಿರುತ್ತೆ. ಇಷ್ಟು ಹೊತ್ತಿಗೆ ಪಾಪ ಬಿಡಿಸ್ಕೊಂಡು ಹೋಗಿರುತ್ತೆ, ಅಲ್ವಾ?"

"ಹೂಂ," ಅಂದೆ.

ಸಂಜೆ ಗಾಳಿ ಪಶ್ಚಿಮಕ್ಕೆ ತಿರುಗಿತು.

ಸೆಪ್ಟೆಂಬರ್ 14, ಭಾನುವಾರ

ಮನೆಗೆ ಬಂದೆ. ಒಟ್ಟು ಐದು ಮೀನು. ಬುಧವಾರದಿಂದ ಈಚೆಗೆ ವಿಲ್ಫ್‌ನ ಕೋಲನ್ನು ಒಂದೂ ಮುಟ್ಟಲಿಲ್ಲ. ಉಳಿದ ಐದು ರಿಗ್ ಅವನ ಪೆಟ್ಟಿಗೆಯಲ್ಲೇ ಇದ್ದವು. ಪೆಟ್ಟಿಗೆ ಕಾರಿಗೆ ಎತ್ತಿಡಲು ಸಹಾಯ ಮಾಡುವಾಗ, ಹೊಸದಾಗಿ ಕಟ್ಟಿಕೊಡುತ್ತೇನೆ ಅಂತ ಹೇಳಿ ಅವನ್ನು ವಾಪಸ್ ತೆಗೆದುಕೊಂಡೆ. ಯಾಕೆ ಅಂತ ಅವನು ಕೇಳಲಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಪಾಲೀನ್ ಫೋನ್ ಮಾಡಿದ್ದಳು. ಕೆರೆ ನೋಡಿಕೊಳ್ಳುವವಳು ಅವಳೇ, ಅಪ್ಪನ ಕಾಲದಿಂದಲೂ. ದೋಣಿಯಲ್ಲಿ ಹೋಗಿ ಪಾಚಿ ತೆಗೆಯುತ್ತಿದ್ದಾಗ ಮುಳುಗಿದ ಬೇಲಿಯ ಹತ್ತಿರ ಬಿಳಿಯಾಗಿ ಏನೋ ಕಂಡಿತಂತೆ.

"ಹೊಲಿಗೆ ಹೋಯ್ತು ಡೆರಿಕ್," ಅಂದಳು. ಅವಳು ಅಳುವವಳಲ್ಲ. ಇವತ್ತು ದನಿ ಒಡೆದಿತ್ತು.

ಹೊಲಿಗೆ ಅಂದರೆ ಈ ಕೆರೆಯ ಅತಿ ದೊಡ್ಡ ಗೆಂಡೆ. ಮೈಯೆಲ್ಲ ನುಣುಪು, ಎಡ ಪಕ್ಕೆಯಲ್ಲಿ ಮಾತ್ರ ಕಿವಿರಿನಿಂದ ಬಾಲದ ತನಕ ಒಂದೇ ಸಾಲು ಹುರುಪೆ, ಯಾರೋ ದಾರದಲ್ಲಿ ಹೊಲಿದ ಹಾಗೆ. ಭಟ್ಟಿ ಮುಚ್ಚಿದ ವರ್ಷ ವಿಲ್ಫ್ ಅದನ್ನು ಬೇರೆ ಎಲ್ಲಿಂದಲೋ ಬಕೆಟಿನಲ್ಲಿ ತಂದು ಇಲ್ಲಿ ಬಿಟ್ಟಿದ್ದ. ಆಗ ಅಂಗೈಯಷ್ಟಿತ್ತು. ಈಗ ಮೂವತ್ತೆಂಟು ಪೌಂಡು.

ಸೆಪ್ಟೆಂಬರ್ 20, ಶನಿವಾರ

ಕೆರೆಗೆ ಹೋದೆ. ಮೋಡ. ನೀರಿನ ಬಿಸಿ ನೋಡಲಿಲ್ಲ.

ಹೊಲಿಗೆಯನ್ನು ಮುಳ್ಳುಪೊದೆಯ ಕೆಳಗೆ ಹೂಳುವುದಕ್ಕೆ ವಿಲ್ಫ್ ಗುಂಡಿ ತೋಡುತ್ತಿದ್ದ. ಆ ಕೈಗಳಲ್ಲಿ. ಸಲಿಕೆ ಕೊಡು ಅಂದರೆ ಕೊಡಲಿಲ್ಲ. ಮೀನಿನ ಬಾಯಿಯಲ್ಲಿದ್ದ ರಿಗ್ಗನ್ನು ಪಾಲೀನ್ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟಿದ್ದಳು. ಸೀಸ ಕ್ಲಿಪ್ಪಿನಲ್ಲೇ ಇತ್ತು, ಬೇಲಿಯ ಕೊಂಬೆಗಳ ನಡುವೆ ಬೆಣೆಯ ಹಾಗೆ ಸಿಕ್ಕಿಕೊಂಡಿತ್ತಂತೆ. ಎಷ್ಟು ದಿನ ಕಟ್ಟಿಹಾಕಿದ ಹಾಗೆ ಒದ್ದಾಡಿತೋ ಅಂದಳು. ನಾನು ಚೀಲವನ್ನು ಕೈಗೆ ತೆಗೆದುಕೊಳ್ಳಲಿಲ್ಲ.

ಇದು ಮೀನಿನ ಡೈರಿ. ಹವೆ, ಉಂಡೆ, ತೂಕ, ಇಷ್ಟೇ ಬರೆಯಬೇಕಾದ್ದು. ಬೇಲಿಯ ಹತ್ತಿರ ಎಸೆದವನು ವಿಲ್ಫ್. ಅಲ್ಲಿ ಎಸೆಯಬೇಡ ಅಂತ ಮೊದಲೂ ಎಷ್ಟೋ ಸಲ ಹೇಳಿದ್ದೆ. ಹಳೇ ದಾರ ಬೇರೆ. ಮೂವತ್ತು ವರ್ಷ ದಾಟಿದ ಮೀನು, ಇನ್ನೆಷ್ಟು ದಿನ ಇರುತ್ತಿತ್ತು.

ಸೆಪ್ಟೆಂಬರ್ 28, ಭಾನುವಾರ

ಪಬ್ಬಿನ ಹಿಂದಿನ ಕೋಣೆಯಲ್ಲಿ ನಮ್ಮ ಗಾಳದವರ ಸಂಘದ ಸಭೆ. ಹದಿನೇಳು ಜನ ಬಂದಿದ್ದರು. ಕಾರ್ಯದರ್ಶಿ ಲೈಲ್ ಆ ಚೀಲವನ್ನು ಮೇಜಿನ ಮೇಲಿಟ್ಟ. ಬಿಯರಿನ ಲೋಟಗಳ ನಡುವೆ.

"ವಿಲ್ಫ್, ಇದು ನಿಮ್ಮದೇನಾ?"

"ನನ್ನ ಕೋಲಿಗಿದ್ದದ್ದೇ."

"ರಬ್ಬರಿಗೆ ಅಂಟು ಹಾಕಿದೆ. ಸೀಸ ಬೀಳದ ಹಾಗೆ ರಿಗ್ ಕಟ್ಟಬಾರದು ಅಂತ ನಿಯಮ ಇದೆ. ನಿಮಗೆ ಗೊತ್ತು."

"ಗೊತ್ತು."

"ಬೇರೇನಾದ್ರೂ ಹೇಳೋದಿದೆಯಾ?"

ವಿಲ್ಫ್ ಚೀಲವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಮತ್ತೆ ಅಲ್ಲೇ ಇಟ್ಟ.

"ಅದನ್ನ ಬಕೆಟಿನಲ್ಲಿ ತಂದು ಬಿಟ್ಟೋನು ನಾನು," ಅಂದ. "ಇನ್ನೇನು ಹೇಳ್ಲಿ."

ಸಂಘದಿಂದ ತೆಗೆಯಬೇಕು ಅನ್ನುವವರು ಕೈ ಎತ್ತಿ ಅಂದ ಲೈಲ್. ಒಬ್ಬೊಬ್ಬರದೇ ಎದ್ದವು. ಪಾಲೀನ್ ತಲೆ ತಗ್ಗಿಸಿಕೊಂಡೇ ಎತ್ತಿದಳು. ನಾನೊಬ್ಬ ಎತ್ತದಿದ್ದರೆ ಯಾಕೆ ಅಂತ ಎಲ್ಲರೂ ತಿರುಗಿ ನೋಡುತ್ತಿದ್ದರು. ಎತ್ತಿದೆ. ಕೊನೆಯದು ನನ್ನದು.

ವಿಲ್ಫ್ ಟೋಪಿ ಹಾಕಿಕೊಂಡು ಹೊರಟ. ಕೋಟಿನ ಗುಂಡಿ ಹಾಕಲು ಬಾಗಿಲ ಹತ್ತಿರ ತುಂಬಾ ಹೊತ್ತು ನಿಂತಿದ್ದ.

ಸೆಪ್ಟೆಂಬರ್ 29, ಸೋಮವಾರ

ಬಿಸಿಲು.

ಅಕ್ಟೋಬರ್ 5, ಭಾನುವಾರ

ಹನ್ನೆರಡನೇ ತಾರೀಕಿಗೆ ಅಂತ ರಿಗ್ ಕಟ್ಟಲು ಕೂತೆ. ಮೂರು ಕಟ್ಟಿದೆ. ನಾಲ್ಕನೆಯದಕ್ಕೆ ಸುತ್ತು ಹಾಕುವಾಗ ಲೆಕ್ಕ ತಪ್ಪಿತು. ಬಿಚ್ಚಿ ಮತ್ತೆ ಸುತ್ತಿದೆ. ಮತ್ತೆ ತಪ್ಪಿತು.

ಐರಿಸ್ ಆಲೂಗಡ್ಡೆ ಸುಲಿಯುತ್ತಾ ನೋಡುತ್ತಿದ್ದಳು.

"ವಿಲ್ಫ್ ಹೇಗಿದಾನೆ?" ಅಂದಳು.

"ನಂಗೇನು ಗೊತ್ತು."

"ಹೋಗಿ ನೋಡ್ಕೊಂಡು ಬರಬಾರದಾ? ಅವನ ಹೆಂಡತಿ ಹೋದಾಗ ನೀನೇ ಅಲ್ವಾ ತಿಂಗಳುಗಟ್ಟಲೆ ದಿನಾ ಹೋಗ್ತಿದ್ದದ್ದು."

"ಆ ಮುದುಕ ಒಂದು ಮೀನು ಕೊಂದಿದಾನೆ ಐರಿಸ್."

"ಅವನು ಇರುವೇನೂ ದಾಟಿ ನಡೆಯೋನು," ಅಂದಳು. "ಅಂಟು ಯಾಕೆ ಹಾಕ್ದ ಅಂತಲೇ ನಂಗೆ ಅರ್ಥ ಆಗಲ್ಲ. ಅವನ ಮನೇಲಿ ಅಂಟು ಎಲ್ಲಿದೆ? ಏನು ಮುರಿದರೂ ದಾರ ಸುತ್ತೋ ಮನುಷ್ಯ."

ಅಂಟಿನ ಟ್ಯೂಬು ಮೇಜಿನ ಮೇಲೇ ಇತ್ತು. ಅವಳು ಅದನ್ನು ನೋಡಿದಳೋ ಇಲ್ಲವೋ ಗೊತ್ತಾಗಲಿಲ್ಲ. ಆಲೂಗಡ್ಡೆ ತೊಳೆಯಲು ಎದ್ದು ಹೋದಳು.

ಅಕ್ಟೋಬರ್ 12, ಭಾನುವಾರ

ಕಿಲ್ನ್ ಕೆರೆ. ಉತ್ತರದ ಗಾಳಿ, ನೀರು ತಣ್ಣಗಾಗುತ್ತಿದೆ. ನಾಲ್ಕು ದಿನ ಇರೋಣ ಅಂತ ಬಂದೆ. ಮಧ್ಯಾಹ್ನಕ್ಕೇ ವಾಪಸ್.

ವಿಲ್ಫ್‌ನ ಜಾಗ ಖಾಲಿ. ಕುರ್ಚಿಯ ಕಾಲು ಊರಿದ ನಾಲ್ಕು ಗುಳಿಗಳಲ್ಲಿ ನೀರು ನಿಂತಿತ್ತು. ಬೆಳಿಗ್ಗೆ ಕಾಲಿನ್ ಫಿಪ್ಸ್ ಚಹಾ ಕುಡಿಯಲು ಬಂದ. ಈ ವರ್ಷ ಸೇರಿದವನು, ಒಳ್ಳೆಯ ಮನುಷ್ಯ, ಬಾಯಿ ಸ್ವಲ್ಪ ಜಾಸ್ತಿ.

"ನಂಗೊಂದು ಹತ್ತು ರಿಗ್ ಕಟ್ಟಿಕೊಡ್ತೀರಾ?" ಅಂದ. "ಲೈಲ್ ಹೇಳ್ದ, ಇಡೀ ಸಂಘದಲ್ಲಿ ಕಣ್ಣು ಮುಚ್ಚಿ ನಂಬಬಹುದಾದ್ದು ನಿಮ್ಮ ಗಂಟು ಮಾತ್ರ ಅಂತ. ಆ ಮುದುಕ ನಿಮ್ಮ ಹತ್ರ ಕಲೀಬಾರದಿತ್ತಾ, ಪಕ್ಕದಲ್ಲೇ ಕೂತಿರ್ತಿದ್ನಂತೆ."

ನಾನು ಬಕೆಟಿನಲ್ಲಿ ನೀರು ತಂದೆ. ವಿಲ್ಫ್‌ನಿಂದ ವಾಪಸ್ ತಂದಿದ್ದ ಆ ಐದರಲ್ಲಿ ಒಂದನ್ನು ಪೆಟ್ಟಿಗೆಯ ತಳದಿಂದ ತೆಗೆದೆ. ನೀರಲ್ಲಿ ನೆನೆಸಿ, ಸೀಸವನ್ನು ಬೂಟಿನ ಕೆಳಗೆ ಒತ್ತಿ ಹಿಡಿದು, ದಾರವನ್ನು ಎಳೆದೆ. ಬೀಳಲಿಲ್ಲ. ಇನ್ನೂ ಎಳೆದೆ. ದಾರ ಬೆರಳನ್ನು ಕೊಯ್ದು ರಕ್ತ ಬಂತು, ಸೀಸ ಮಾತ್ರ ಅಲ್ಲಾಡಲಿಲ್ಲ. ಐದನ್ನೂ ಹಾಗೇ ಎಳೆದೆ. ಕಾಲಿನ್ ಚಹಾ ಲೋಟ ಹಿಡಿದುಕೊಂಡು ನಿಂತೇ ಇದ್ದ.

"ಇದೆಲ್ಲ ಯಾರದು?" ಅಂದ.

"ಹಳೇದು," ಅಂದೆ.

ಗುಡಾರ ಮಡಚಿದೆ. ಒಂಬತ್ತು ದಿನ. ದಾರ ಕಡಿದ ಆ ಬುಧವಾರದಿಂದ ಪಾಲೀನ್ ಫೋನ್ ಮಾಡಿದ ಶುಕ್ರವಾರದ ತನಕ ಒಂಬತ್ತು ದಿನ. ಅದರಲ್ಲಿ ಮೊದಲ ನಾಲ್ಕು ದಿನ ನಾನು ಆ ಮೀನಿಗೆ ಎಂಬತ್ತು ಗಜ ದೂರದಲ್ಲಿ ಕೂತು ಬೇಕನ್ ಹುರಿದುಕೊಂಡು ತಿನ್ನುತ್ತಿದ್ದೆ. ದೋಣಿ ದಂಡೆಯಲ್ಲೇ ಇತ್ತು. ಅನುಮಾನ ಬಂದಿರಲಿಲ್ಲ ಅಂತ ಇಲ್ಲಿ ಬರೆಯೋಣ ಅಂದುಕೊಂಡೆ. ಬಂದಿತ್ತು.

ಅಕ್ಟೋಬರ್ 19, ಭಾನುವಾರ

ವಿಲ್ಫ್‌ನ ಮನೆಗೆ ಹೋದೆ. ಬಾಗಿಲು ತೆಗೆದ. ಬೈಯುತ್ತಾನೆ ಅಂದುಕೊಂಡಿದ್ದೆ.

"ಬಾ. ಕೆಟಲ್ ಈಗ ತಾನೇ ಇಟ್ಟೆ," ಅಂದ.

ಹಜಾರದಲ್ಲಿ ಕೋಲುಗಳನ್ನು ನಿಲ್ಲಿಸಿರುತ್ತಿದ್ದ ಮೂಲೆಯಲ್ಲಿ ಒಂದು ಕೊಡೆ ಮಾತ್ರ ಇತ್ತು. ನಾನು ನೋಡಿದ್ದನ್ನು ನೋಡಿ, "ಪಕ್ಕದ ಮನೆಯವನಿಗೆ ಕೊಟ್ಟೆ," ಅಂದ. "ಬರೋ ವರ್ಷ ಬೀನ್ಸ್ ಬಳ್ಳಿ ಹಬ್ಬಿಸ್ತಾನಂತೆ. ಅಷ್ಟು ಉದ್ದದ ಕೋಲು ಅಂಗಡೀಲಿ ಸಿಗಲ್ವಂತೆ."

ನಗಲು ಪ್ರಯತ್ನಿಸಿದೆ. ಅವನೂ ಪ್ರಯತ್ನಿಸಿದ.

ಚಹಾ ಬಂತು. ನಾಲ್ಕು ಬಿಸ್ಕತ್ತು ತಟ್ಟೆಯಲ್ಲಿಟ್ಟ. ಅಡಿಗೆಮನೆಯ ಮೇಜಿನಲ್ಲಿ ಎದುರುಬದುರು ಕೂತೆವು.

"ವಿಲ್ಫ್, ಆ ಅಂಟು..."

"ಗೊತ್ತು."

"ಯಾವಾಗಿಂದ?"

"ಲೈಲ್ ಅದನ್ನ ಮುಂದಿಟ್ಟಾಗಿಂದ. ಆ ಆರೂ ನೀನೇ ಕಟ್ಟಿದ್ದು, ಅಂಟು ನಾನು ಹಾಕಿಲ್ಲ. ಇನ್ಯಾರು ಹಾಕ್ತಾರೆ?"

"ಮತ್ತೆ ಯಾಕೆ ಹೇಳ್ಲಿಲ್ಲ?"

ಚಮಚವನ್ನು ಎರಡು ಕೈಯಲ್ಲೂ ಹಿಡಿದು ಸಕ್ಕರೆ ಕದಡಿದ. ಅವಸರವೇ ಇರಲಿಲ್ಲ ಅವನಿಗೆ.

"ನೀನು ಎದುರಿಗೇ ಕೂತಿದ್ದೆ," ಅಂದ. "ಹೇಳ್ತೀಯ ಅಂದ್ಕೊಂಡೆ."

ಹೊರಗೆ ಯಾರೋ ನಾಯಿಯನ್ನು ಕರೆಯುತ್ತಿದ್ದರು. ಅದು ನಿಲ್ಲುವ ತನಕ ಕಾದ.

"ನೋಡು ಡೆರಿಕ್. ಕೋಲು ನಂದು. ಎಸೆದೋನು ನಾನು. ಎಳೆದು ನೋಡದೆ ಎಸೆದೆ, ನೀನು ಕಟ್ಟಿದ್ದು ಅಂತ. ಅದು ನನ್ನ ತಪ್ಪು, ಅದಕ್ಕೆ ತೆಗೆದು ಹಾಕಿದ್ರೆ ಹಾಕ್ಲಿ. ಆದ್ರೆ ನೀನು ಕೈ ಎತ್ತಿದೆಯಲ್ಲ. ಅದನ್ನ ಎಲ್ಲಿ ಇಟ್ಕೋಬೇಕು ಅಂತ ನಂಗಿನ್ನೂ ಗೊತ್ತಾಗಿಲ್ಲ."

ಕ್ಷಮಿಸು ಅಂದೆ. ದಾರಿಯುದ್ದಕ್ಕೂ ಬೇರೆ ಬೇರೆ ತರ ಹೇಳಿಕೊಂಡು ಬಂದಿದ್ದೆ, ಬಾಯಿಂದ ಬಂದದ್ದು ಅದೊಂದೇ ಮಾತು.

"ಚಹಾ ಆರುತ್ತೆ, ಕುಡಿ," ಅಂದ.

ಕುಡಿದೆ. ಬಾಗಿಲ ತನಕ ಬಂದ. ಮತ್ತೆ ಬಾ ಅನ್ನಲಿಲ್ಲ.

ಅಕ್ಟೋಬರ್ 20, ಸೋಮವಾರ

ಬೆಳಿಗ್ಗೆ ತಿಂಡಿಗೆ ಮೊದಲು ಐರಿಸ್‌ಗೆ ಹೇಳಿದೆ. "ಅಂಟಿನ ಟ್ಯೂಬು ನಾನು ನೋಡಿದೆ ಡೆರಿಕ್," ಅಂದಳು. "ನೀನಾಗೇ ಹೇಳ್ಲಿ ಅಂತ ಸುಮ್ನಿದ್ದೆ." ಟೋಸ್ಟಿಗೆ ಬೆಣ್ಣೆ ಹಚ್ಚಿ ನನ್ನ ಮುಂದಿಟ್ಟಳು. ಎರಡು ತುತ್ತು ತಿಂದೆ.

ಆಮೇಲೆ ಪಾಲೀನ್‌ಳ ಮನೆ. ಉಳಿದ ಐದನ್ನೂ ಅವಳ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂದನ್ನು ಕೈಗೆತ್ತಿಕೊಂಡು ರಬ್ಬರನ್ನು ಉಗುರಿನಿಂದ ಕೆರೆದಳು.

"ವಿಲ್ಫ್‌ಗೆ ಗೊತ್ತಿತ್ತಾ?"

"ಇಲ್ಲ. ಸಭೇಲಿ ಗೊತ್ತಾಯ್ತು."

"ಅಂದ್ರೆ ಮೊದಲಿಂದ ಗೊತ್ತಿದ್ದೋನು ನೀನೊಬ್ಬನೇ."

"ಹೌದು."

"ನಾನೂ ಕೈ ಎತ್ತಿದೆ ಡೆರಿಕ್. ನೀನು ನನ್ನ ಕೈನೂ ಎತ್ತಿಸ್ದೆ." ಐದನ್ನೂ ಒಂದು ಡಬ್ಬಿಗೆ ತುಂಬಿದಳು. "ಸಿಟ್ಟು ಆ ಒಂದು ತೊಟ್ಟು ಅಂಟಿನ ಮೇಲಲ್ಲ ನಂಗೆ. ಅಂಥ ಪೆದ್ದುತನ ಎಲ್ರೂ ಮಾಡ್ತಾರೆ. ಸಿಟ್ಟು ನೀನು ಸುಮ್ನಿದ್ದ ಈ ಮೂರು ವಾರದ ಮೇಲೆ."

ನವೆಂಬರ್ 2, ಭಾನುವಾರ

ಸಭೆ. ಅದೇ ಕೋಣೆ. ನಿಂತುಕೊಂಡು ಹೇಳಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಇಷ್ಟು ಚಿಕ್ಕ ಮಾತಾಗಿತ್ತಲ್ಲ ಅಂತ ಕೂತ ಮೇಲೆ ಅನ್ನಿಸಿತು.

ಯಾರೂ ಬೈಯಲಿಲ್ಲ. ಲೈಲ್ ಕನ್ನಡಕ ತೆಗೆದು ಒರೆಸಿಕೊಂಡ. ಕಾಲಿನ್ ಫಿಪ್ಸ್ ನನ್ನ ಕಡೆ ನೋಡದೆ ಬಿಯರ್ ಲೋಟದ ಕೆಳಗಿನ ಕಾಗದವನ್ನು ಹರಿಯುತ್ತಾ ಕೂತಿದ್ದ. ಮೂವತ್ತೊಂದು ವರ್ಷ ಈ ಸಂಘದಲ್ಲಿದ್ದೆ. ನನ್ನನ್ನು ತೆಗೆಯಬೇಕು ಅಂತ ಕೈಗಳು ಎದ್ದವು, ಈ ಸಲ ಯಾರೂ ತಡ ಮಾಡಲಿಲ್ಲ. ಕೆರೆಯ ಗೇಟಿನ ಬೀಗದ ಕೈಯನ್ನು ಗೊಂಚಲಿನಿಂದ ತೆಗೆದು ಮೇಜಿನ ಮೇಲಿಟ್ಟೆ.

ವಿಲ್ಫ್‌ನನ್ನು ವಾಪಸ್ ಕರೆಯಬೇಕು ಅಂತ ಎರಡನೇ ನಿರ್ಣಯ. ಅದಕ್ಕೆ ಕೈ ಎತ್ತುವ ಹಕ್ಕು ನನಗೆ ಆಗ ಉಳಿದಿರಲಿಲ್ಲ.

ನವೆಂಬರ್ 9, ಭಾನುವಾರ

ಪಾಲೀನ್ ಹೇಳಿಕಳಿಸಿದ್ದಳು. ರಿಗ್ಗನ್ನು ನೀರಿಗೆ ಎಸೆಯುವ ಮೊದಲು ಹೇಗೆ ಪರೀಕ್ಷಿಸಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಡಬೇಕಂತೆ, ಕೆರೆ ದಂಡೆಯ ಗುಡಿಸಲಿನ ಗೋಡೆಗೆ ಅಂಟಿಸಲು. ಬೆಳಿಗ್ಗೆಯಿಂದ ಅದೇ ಕೆಲಸ. ಚಿತ್ರ ಬರೆದೆ. ರಬ್ಬರನ್ನು ಎಷ್ಟು ಒತ್ತಬೇಕು, ಒದ್ದೆ ಮಾಡಿ ಹೇಗೆ ಎಳೆಯಬೇಕು, ಎಷ್ಟು ಎಳೆತಕ್ಕೆ ಸೀಸ ಬೀಳಬೇಕು, ಎಲ್ಲ. ಬೇರೆಯವರು ಕಟ್ಟಿಕೊಟ್ಟದ್ದಾದರೆ ಎರಡು ಸಲ ಎಳೆದು ನೋಡಿ ಅಂತ ಕೊನೆಗೆ ಸೇರಿಸಿದೆ.

ಐರಿಸ್ ಓದಿದಳು. "ಅಂಟು ಹಾಕಿದ್ರೆ ಏನಾಗುತ್ತೆ ಅಂತ ಬರೆದಿಲ್ಲ," ಅಂದಳು.

ಬರೆದೆ. ಯಾವ ಮೀನು, ಎಷ್ಟು ದಿನ, ಎಲ್ಲಿ. ಕೆಳಗೆ ನನ್ನ ಹೆಸರು ಹಾಕಿದೆ.

ನವೆಂಬರ್ 22, ಶನಿವಾರ

ಸಂತೆಯಲ್ಲಿ ಪಾಲೀನ್ ಸಿಕ್ಕಳು. ಎಲೆಕೋಸು ಆರಿಸುತ್ತಿದ್ದಳು. ನಾನು ಪಕ್ಕಕ್ಕೆ ಸರಿದು ಹೋಗುವವನಿದ್ದೆ, ಅವಳೇ ಕರೆದಳು.

ವಿಲ್ಫ್ ಬಂದಿದ್ದನಂತೆ ಕೆರೆಗೆ, ಗುರುವಾರ. ಎರಡು ಸಲ ಕರೆದರೂ ಬಂದಿರಲಿಲ್ಲ, ಮೂರನೆಯ ಸಲ ಬಂದ. ಪಕ್ಕದ ಮನೆಯವನಿಂದ ಒಂದು ಕೋಲು ವಾಪಸ್ ಇಸಿದುಕೊಂಡು ಬಂದಿದ್ದನಂತೆ. ಹಳೆಯ ಜಾಗದಲ್ಲಿ ಕೂರಲಿಲ್ಲ. ಗುಡಿಸಲಿನ ಹತ್ತಿರ, ದಂಡೆಯ ಅಂಚಿನಲ್ಲೇ ಎಸೆದ. ಹನ್ನೊಂದು ಪೌಂಡಿನದು ಒಂದು ಸಿಕ್ಕಿತು.

"ತೂಗಿದ ತಕ್ಷಣ ನೀರಿಗೆ ಬಿಟ್ಟ," ಅಂದಳು. "ಅದು ಕಣ್ಣಿಗೆ ಕಾಣೋವರೆಗೂ ಮಂಡಿಯೂರಿ ಕೂತೇ ಇದ್ದ."

"ರಿಗ್ ಯಾರು ಕಟ್ಟಿದ್ದು?"

"ಅವನೇ. ಬೆಳಿಗ್ಗೆ ಪೂರ್ತಿ ಅದಕ್ಕೇ ಹೋಯ್ತು. ನಾನು ಕಟ್ಟಿಕೊಡ್ತೀನಿ ಅಂದೆ, ಬೇಡ ಅಂದ. ಲೈಲ್ ಕೇಳ್ದ, ಅವನಿಗೂ ಬೇಡ ಅಂದ. ಗೋಡೆ ಮೇಲಿನ ಹಾಳೆ ನೋಡ್ಕೊಂಡು ಎಳೆದು ನೋಡಿದ."

"ಪೂರ್ತಿ ಓದಿದ್ನಾ?"

"ಓದ್ದ. ಕನ್ನಡಕ ಹಾಕ್ಕೊಂಡು, ಕೆಳಗಿನ ತನಕ."

ಎಲೆಕೋಸಿನವನು ಬೇರೇನಾದರೂ ಬೇಕಾ ಅಂತ ಕೇಳಿದ. ಪಾಲೀನ್ ಬೇಡ ಅಂದಳು. ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು.

"ನಂಗೇನಾದ್ರೂ ಹೇಳು ಅಂದ್ನಾ?" ಅಂತ ಕೇಳಿದೆ.

ಪಾಲೀನ್ ಯೋಚಿಸಿದಳು. ಸುಳ್ಳು ಹೇಳಬಹುದಾಗಿತ್ತು, ಹೇಳಲಿಲ್ಲ.

"ಇಲ್ಲ," ಅಂದಳು. "ಏನೂ ಹೇಳ್ಲಿಲ್ಲ ಡೆರಿಕ್."